ಕೊಂಡಾಟದ ವಚನಗಳಿಗೆ ಐದು ಅಂಕಣ: ಲೂಕ, ತೋಬಿತ ಓದಿದ ನನ್ನ ಅನುಭವ

ಲೂಕನ ಸುವಾರ್ತೆಯಲ್ಲಿ ಯಾರಾದರೂ ವಾಸಿಯಾದ ಕೂಡಲೇ ‘ದೇವರನ್ನು ಕೊಂಡಾಡಿದರು’ ಎಂದು ಬರುತ್ತದಲ್ಲ, ಅದು ಯಕ್ಷಗಾನದ ಕೊನೆಯ ಮಂಗಳಪದ ಇದ್ದ ಹಾಗೆ, ಪ್ರಸಂಗ ಮುಗಿಯಿತು ಅಂತ ಹೇಳುವ ಗುರುತು, ಅದರಲ್ಲಿ ಅಗೆಯುವಂಥದ್ದೇನೂ ಇಲ್ಲ ಎನ್ನುವವರು ಬಹಳ ಮಂದಿ. ಗ್ರೀಕ್ ಚೆನ್ನಾಗಿ ಬಲ್ಲವರೂ ಹಾಗೇ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಆ ವಚನಗಳೇ ಕಥೆಯನ್ನು ಮುಂದಕ್ಕೆ ತಳ್ಳುತ್ತವೆ. ಅದನ್ನು ತೋರಿಸಿಕೊಡುವ ದಾರಿ ಮೂರು ಸಲ ಕೆಟ್ಟು ನಾಲ್ಕನೇ ಸಲ ಸರಿಯಾಯಿತು. ಹೇಗೆ ಕೆಟ್ಟಿತು ಅನ್ನುವುದೇ ಹೆಚ್ಚು ಉಪಯೋಗದ ವಿಷಯ, ಅದನ್ನೇ ಮೊದಲು ಬರೆಯುತ್ತೇನೆ.

ಮೊದಲ ದಾರಿ, ಪದ ಎಣಿಸುವುದು. ದೊಕ್ಸಾಜೋ (ಕೊಂಡಾಡು, ಮಹಿಮೆಪಡಿಸು) ಎಂಬ ಗ್ರೀಕ್ ಕ್ರಿಯಾಪದ ಲೂಕನಲ್ಲಿ 9, ಅವನದೇ ಎನ್ನುವ ಅಪೊಸ್ತಲರ ಕೃತ್ಯಗಳಲ್ಲಿ 5 ಸಲ. ಅವುಗಳಲ್ಲಿ ಕರ್ಮಪದ ದೇವರೇ ಆಗಿರುವುದು 8 ಮತ್ತು 3. ಲೂಕ 4:15ರಲ್ಲಿ ಜನ ಹೊಗಳುವುದು ಯೇಸುವನ್ನು, ಕೃತ್ಯಗಳು 3:13ರಲ್ಲಿ ದೇವರೇ ತನ್ನ ಸೇವಕನನ್ನು ಮಹಿಮೆಪಡಿಸುತ್ತಾನೆ, 13:48ರಲ್ಲಿ ಕೊಂಡಾಟ ಕರ್ತನ ವಾಕ್ಯಕ್ಕೆ. ಐನೆಯೋ (ಸ್ತುತಿಸು) ಇಡೀ ಹೊಸ ಒಡಂಬಡಿಕೆಯಲ್ಲಿ 8 ಸಲ ಬಂದರೆ ಅದರಲ್ಲಿ 6 ಈ ಎರಡು ಪುಸ್ತಕಗಳವೇ. ಅಂಕಿ ನೋಡಲು ಚೆನ್ನ. ಆದರೆ ‘ಲೂಕನಿಗೆ ಈ ಮಾತು ಇಷ್ಟ’ ಅನ್ನುವುದಕ್ಕಿಂತ ಮುಂದೆ ಅದು ಏನೂ ಹೇಳುವುದಿಲ್ಲ.

ಯೂಲೊಗೆಯೋ (ಹರಸು) ಇನ್ನೂ ಕಷ್ಟ. ರೊಟ್ಟಿಯನ್ನು ಹರಸುವುದು, ಸಿಮೆಯೋನ ತಂದೆತಾಯಿಯನ್ನು ಹರಸುವುದು, ಶಪಿಸುವವರನ್ನು ಹರಸಿ ಎನ್ನುವುದು ಎಲ್ಲವೂ ಒಂದೇ ಪದ. ಲೂಕನಲ್ಲಿ ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ದೇವರೇ ಕರ್ಮವಾಗಿರುವುದು 1:64, 2:28, 24:53 ಈ ಮೂರೇ ಕಡೆ. ಹೀಬ್ರುವಿಗೆ ಹೋದರೆ ಅದೇ ಅರ್ಥದ ಬಾರಖ್ ಇದೆ. ಯೋಬನ ಹೆಂಡತಿ 2:9ರಲ್ಲಿ ‘ದೇವರನ್ನು ಹರಸಿ ಸಾಯಿ’ ಅನ್ನುತ್ತಾಳೆ. ‘ಶಪಿಸಿ’ ಎಂಬ ಮಾತನ್ನು ಬಾಯಲ್ಲಿ ಆಡಬಾರದೆಂದು ಅಲ್ಲಿ ‘ಹರಸಿ’ ಇಟ್ಟಿದ್ದಾರೆ. 1 ಅರಸುಗಳು 21:10ರಲ್ಲಿ ನಾಬೋತನ ಮೇಲಿನ ಆರೋಪದಲ್ಲೂ ಹೀಗೇ. ಯೆಹೋಶುವ 7:19ರಲ್ಲಿ ಆಕಾನನಿಗೆ ‘ದೇವರಿಗೆ ಮಹಿಮೆ ಸಲ್ಲಿಸು’ ಎಂದರೆ ಸ್ತುತಿ ಹಾಡು ಅಂತಲ್ಲ, ಆಣೆಯಿಟ್ಟು ನಿಜ ಒಪ್ಪಿಕೋ ಅಂತ. ಯೋಹಾನ 9:24ರಲ್ಲಿ ಕುರುಡನಾಗಿದ್ದವನಿಗೆ ಹೇಳುವುದೂ ಅದೇ ಧಾಟಿ. ಹುಡುಕುವ ತಂತ್ರಾಂಶ ಇದನ್ನೆಲ್ಲ ಒಂದೇ ಗೋಣಿಗೆ ತುಂಬುತ್ತದೆ. ಅದೇ ಹೊತ್ತಿಗೆ ಕುಷ್ಠ ವಾಸಿಯಾದ ನಾಮಾನನ ಮಾತನ್ನು, ಇಸ್ರಾಯೇಲಿನಲ್ಲಲ್ಲದೆ ಭೂಮಿಯಲ್ಲೆಲ್ಲೂ ದೇವರಿಲ್ಲವೆಂದು ಈಗ ತಿಳಿಯಿತು ಎಂಬುದನ್ನು (2 ಅರಸುಗಳು 5:15), ಹೊರಗೇ ಬಿಡುತ್ತದೆ, ಯಾಕೆಂದರೆ ಅಲ್ಲಿ ಸ್ತುತಿಯ ಕ್ರಿಯಾಪದವೇ ಇಲ್ಲ. ಕನ್ನಡದಲ್ಲಷ್ಟೇ ಓದುವವರಿಗೆ ತೊಡಕು ಇನ್ನೊಂದು: ‘ಕೊಂಡಾಡು’ ಎಂಬ ಒಂದೇ ಮಾತು ಮೂರು ನಾಲ್ಕು ಗ್ರೀಕ್ ಪದಗಳ ಜಾಗದಲ್ಲಿ ಕೂತಿರುತ್ತದೆ.

ಎರಡನೇ ದಾರಿ ಬಣ್ಣದ ಪೆನ್ಸಿಲ್. ಪದಕ್ಕೊಂದು ಬಣ್ಣ. ಪುಟ ಹೋಳಿ ಆಡಿದ ಹಾಗಾಯಿತೇ ಹೊರತು ಪದ ಮಾತ್ರ ಕಂಡಿತು, ಘಟನೆ ಕಾಣಲಿಲ್ಲ. ಬೇಗ ಬಿಟ್ಟೆ.

ಮೂರನೆಯದು ಕೀರ್ತನೆಗಳ ಅಳತೆಗೋಲು: ಸ್ತುತಿಗೀತೆ, ಕೃತಜ್ಞತಾಗೀತೆ ಎಂದು ವಿಂಗಡಿಸುವ ಕ್ರಮ. ಇದರ ಮೇಲೆ ನನಗೆ ಬಹಳ ಭರವಸೆಯಿತ್ತು. ಸ್ನಾನಿಕ ಯೋಹಾನನ ತಂದೆ ಜಕರೀಯನ ಹಾಡಿಗೆ, ತೋಬಿತ, ಯೂದಿತ ಎಂಬ ಹಳೆಯ ಯೆಹೂದ್ಯ ಕಥೆಗಳ 13 ಮತ್ತು 16ನೇ ಅಧ್ಯಾಯಗಳಿಗೆ ಸರಿಯಾಗಿ ಕೂರುತ್ತದೆ. ಕಥೆಯ ನಡುವಿನ ಕೊಂಡಾಟಕ್ಕೆ ಮಾತ್ರ ಕೂರುವುದಿಲ್ಲ. ಮೇಲೆ ಹೇಳಿದ ಲೂಕನ ಎಂಟು ಕಡೆಗಳಲ್ಲಿ ಕೊಂಡಾಡಿದವರ ಮಾತು ನಮಗೆ ಕೇಳಿಸುವುದು ಮೂರೇ ಕಡೆ: 5:26, 7:16, 23:47. ಆ ಮೂರರಲ್ಲೂ ಒಂದು ಮಾತೂ ದೇವರನ್ನು ಕರೆದು ಆಡಿದ್ದಲ್ಲ. ಹಾಡೇ ಇಲ್ಲದ ಕಡೆ ಹಾಡಿನ ಲಕ್ಷಣ ಹಿಡಿದು ಏನು ಅಳೆಯುವುದು?

ನಾಲ್ಕನೆಯದು ನಿಂತಿತು. ಘಟನೆಗೊಂದು ಚೀಟಿ, ಚೀಟಿಗೆ ಐದು ಅಂಕಣ. ಯಾರು, ಏನನ್ನು ಕಂಡು ಅಥವಾ ಕೇಳಿ, ಯಾರನ್ನು, ಯಾವ ಕ್ರಿಯಾಪದ ಯಾವ ಕಾಲದಲ್ಲಿ, ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡವರು ಅಥವಾ ಬಾಯಿ ಮುಚ್ಚಿಸಲು ಹೋದವರು ಯಾರು. ವಚನಕ್ಕೊಂದು ಚೀಟಿ ಮಾಡಿದರೆ ಕೆಡುತ್ತದೆ. 2:20ರಲ್ಲಿ ಎರಡು ಕ್ರಿಯಾಪದ ಇದ್ದರೂ ಕುರುಬರದು ಒಂದೇ ಚೀಟಿ. 5:25–26ಕ್ಕೆ ಎರಡು, ಮೊದಲು ಪಾರ್ಶ್ವವಾಯು ರೋಗಿ, ಆಮೇಲೆ ಜನ.

ಎಲ್ಲರೂ ಮೊದಲ ನಾಲ್ಕು ಅಂಕಣ ತುಂಬುತ್ತಾರೆ. ಕೆಲಸ ಮಾಡುವುದು ಐದನೆಯದು. ಯೆರಿಕೋವಿನ ಕುರುಡನ ಪ್ರಸಂಗ ತೆಗೆದುಕೊಳ್ಳಿ. ಮಾರ್ಕ 10:52ರಲ್ಲಿ ಅವನು ಕಣ್ಣು ಬಂದು ಯೇಸುವಿನ ಹಿಂದೆ ದಾರಿಯಲ್ಲಿ ಹೋಗುತ್ತಾನೆ, ಅಷ್ಟೇ. ಲೂಕ 18:43 ಎರಡು ಕೂಡಿಸುತ್ತದೆ: ಅವನು ದೇವರನ್ನು ಕೊಂಡಾಡುತ್ತಾ ಹೋದ, ನೋಡಿದ ಜನರೆಲ್ಲ ಸ್ತೋತ್ರ ಸಲ್ಲಿಸಿದರು. ಈ ‘ಸ್ತೋತ್ರ’ಕ್ಕಿರುವ ಐನೊಸ್ ಎಂಬ ನಾಮಪದ ಹೊಸ ಒಡಂಬಡಿಕೆಯಲ್ಲಿ ಇಲ್ಲಿ ಬಿಟ್ಟರೆ ಮತ್ತಾಯ 21:16ರಲ್ಲಿ ಮಾತ್ರ ಇದೆ. ಈಗ ನಾಲ್ಕು ವಚನ ಹಿಂದೆ ಹೋಗಿ. ಮುಂದೆ ನಡೆಯುತ್ತಿದ್ದವರು ಅವನನ್ನು ‘ಸುಮ್ಮನಿರು’ ಎಂದು ಗದರಿಸಿದ್ದರು (18:39). ಮುಂದಿನ ಅಧ್ಯಾಯದಲ್ಲಿ ಎಣ್ಣೆಮರಗಳ ಗುಡ್ಡದ ಇಳಿಜಾರಿನಲ್ಲಿ ಶಿಷ್ಯರೆಲ್ಲ ದೇವರನ್ನು ಕೊಂಡಾಡುವಾಗ ಫರಿಸಾಯರು ‘ಇವರನ್ನು ಗದರಿಸು’ ಅನ್ನುತ್ತಾರೆ (19:39), ಅದೇ ಎಪಿತಿಮಾವೋ ಎಂಬ ಕ್ರಿಯಾಪದ. ಇವರು ಸುಮ್ಮನಾದರೆ ಕಲ್ಲುಗಳೇ ಕೂಗುತ್ತವೆ ಎಂಬ ಉತ್ತರ ಬರುತ್ತದೆ. ಅದರ ಬೆನ್ನಿಗೇ 19:44, ದೇವರು ಬಂದು ನೋಡಿದ ಕಾಲವನ್ನು ಪಟ್ಟಣ ಅರಿಯಲಿಲ್ಲ ಎಂಬ ಅಳಲು. ‘ಬಂದು ನೋಡು’ ಎಂಬುದು 1:68ರಲ್ಲಿ ಜಕರೀಯನ ಬಾಯಲ್ಲಿ, 7:16ರಲ್ಲಿ ನಾಯಿನಿನ ಜನರ ಬಾಯಲ್ಲಿ ಕೊಂಡಾಟದ ಕಾರಣವಾಗಿ ಬಂದ ಮಾತು. ಎರಡೂ ಚೀಟಿಗಳನ್ನು ಪಕ್ಕಪಕ್ಕ ಇಟ್ಟರೆ ಯಾರ ಕಣ್ಣಿಗಾದರೂ ಬೀಳುತ್ತದೆ: ಕೊಂಡಾಡುವವರು ಆ ಭೇಟಿಯನ್ನು ಗುರುತಿಸಿದವರು, ಬಾಯಿ ಮುಚ್ಚಿಸುವವರು ಗುರುತಿಸದವರು. ಇದು ಮಂಗಳಪದದ ಕೆಲಸವಲ್ಲ.

ಉಳಿದವು ಸಾಲಾಗಿ ಬಂದು ಕೂರುತ್ತವೆ. 18 ವರ್ಷ ಬೆನ್ನು ಬಗ್ಗಿದ್ದ ಹೆಂಗಸು ನೆಟ್ಟಗಾಗಿ ಕೊಂಡಾಡುತ್ತಾಳೆ, ಸಭಾಮಂದಿರದ ಅಧ್ಯಕ್ಷ ಸಿಟ್ಟಾಗುತ್ತಾನೆ (13:13–14). ಹತ್ತು ಕುಷ್ಠರೋಗಿಗಳಲ್ಲಿ ಒಬ್ಬ ಸಮಾರ್ಯದವನು ತಿರುಗಿ ಬರುತ್ತಾನೆ, ಒಂಬತ್ತು ಜನ ಇಲ್ಲ. ಶಿಲುಬೆಯ ಬಳಿ ಮಾರ್ಕನ ಶತಾಧಿಪತಿ ‘ಈತ ದೇವರ ಮಗ’ ಎಂದರೆ, ಲೂಕನವನು ‘ದೇವರನ್ನು ಕೊಂಡಾಡುತ್ತಾ’ ಈತ ನೀತಿವಂತ ಅನ್ನುತ್ತಾನೆ. ಕ್ರಿಯಾಪದ ಎಡೆಬಿಡದೆ ನಡೆಯುವ ಭೂತಕಾಲದಲ್ಲಿದೆ, ಸುತ್ತಲಿನ ಜನ ಎದೆ ಬಡಿದುಕೊಳ್ಳುತ್ತಾ ಹೋಗುತ್ತಾರೆ. ಕೃತ್ಯಗಳು 4:21ರಲ್ಲಂತೂ ಜನರ ಕೊಂಡಾಟವೇ ಪೇತ್ರ, ಯೋಹಾನರನ್ನು ಶಿಕ್ಷೆಯಿಂದ ಬಿಡಿಸುತ್ತದೆ. ಆ ವಚನ ತೆಗೆದುಹಾಕಿದರೆ ಅವರು ಯಾಕೆ ಬಿಡುಗಡೆಯಾದರು ಎಂಬುದಕ್ಕೆ ಕಾರಣವೇ ಉಳಿಯುವುದಿಲ್ಲ. ಅಲಂಕಾರ ಅಂದವರಿಗೆ ನಾನು ಮೊದಲು ತೋರಿಸುವುದು ಈ ಚೀಟಿಯನ್ನೇ. ಇದಕ್ಕೆ ಮುಂಚಿನ ಅಧ್ಯಾಯದಲ್ಲಿ ಕುಂಟ ‘ಜಿಗಿಯುತ್ತಾ ಕೊಂಡಾಡುತ್ತಾ’ ದೇವಾಲಯಕ್ಕೆ ಹೋಗುತ್ತಾನಲ್ಲ (3:8), ಆ ‘ಜಿಗಿ’ ಎಂಬ ಕ್ರಿಯಾಪದ ಗ್ರೀಕ್ ಯೆಶಾಯ 35:6ರ ಜಿಂಕೆಯಂತೆ ಜಿಗಿಯುವ ಕುಂಟನದೇ.

ಐದನೇ ಅಂಕಣದಲ್ಲಿ ನಾನು ಹಾಕುವ ಇನ್ನೊಂದು ಗುರುತಿದೆ, ಕೃತ್ಯಗಳು 11:18ಕ್ಕೂ ಜಕರೀಯನ ಮೂಕತನಕ್ಕೂ ಸೇರಿಸಿ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ; ಆ ಎರಡು ಚೀಟಿ ನೀವೇ ಬರೆದರೆ ಸಿಗುತ್ತದೆ.

ಯೆಹೂದ್ಯ ಕಥನಗಳಲ್ಲಿ ಇದೇ ಅಂಕಣಗಳಿಗೆ ಅತ್ಯುತ್ತಮ ಒರೆಗಲ್ಲು ತೋಬಿತ. ಮೃತ ಸಮುದ್ರದ ಬಳಿಯ ಕುಮ್ರಾನಿನ 4ನೇ ಗುಹೆಯಲ್ಲಿ ಇದರ ನಾಲ್ಕು ಅರಮೇಯ, ಒಂದು ಹೀಬ್ರು ಪ್ರತಿಯ ತುಣುಕುಗಳು ಸಿಕ್ಕಿವೆ. ಗ್ರೀಕಿನಲ್ಲಿ ಮುಖ್ಯವಾಗಿ ಎರಡು ಪಾಠ: ಹಳೆಯ ಹಸ್ತಪ್ರತಿಗಳಾದ ವ್ಯಾಟಿಕನಸ್, ಅಲೆಕ್ಸಾಂಡ್ರಿನಸ್‌ಗಳ ಚಿಕ್ಕದು, ಸಿನಾಯ್ಟಿಕಸ್‌ನ ಉದ್ದದ್ದು. ಎಡವುವುದು ಇಲ್ಲೇ. 8ನೇ ಅಧ್ಯಾಯದಲ್ಲಿ ಮದುವೆಯ ರಾತ್ರಿಯೇ ಅಳಿಯ ಸತ್ತಾನೆಂದು ಹೆದರಿ ರಗುವೇಲ ಗುಟ್ಟಾಗಿ ಅವನಿಗೆ ಗುಂಡಿ ತೋಡಿಸುತ್ತಾನೆ, ದೀಪ ಹಿಡಿದು ಹೋದ ಕೆಲಸದವಳು ಗಂಡಹೆಂಡತಿ ನಿದ್ದೆಯಲ್ಲಿರುವುದನ್ನು ಕಂಡು ಅಳಿಯ ಜೀವದಿಂದಿದ್ದಾನೆ ಎನ್ನುತ್ತಾಳೆ, ಕೂಡಲೇ ಸ್ತುತಿ, ಬೆಳಗಾಗುವ ಮೊದಲೇ ಗುಂಡಿ ಮುಚ್ಚಿ ಎಂದು ಅಪ್ಪಣೆ. ಚಿಕ್ಕ ಪಾಠದಲ್ಲಿ ಹರಸುವವನು ರಗುವೇಲ ಒಬ್ಬನೇ. ಉದ್ದದ್ದರಲ್ಲಿ ಬಹುವಚನ, ‘ಅವರು ಹರಸಿದರು’. ಮೊದಲ ಅಂಕಣವೇ ಬದಲಾಯಿತು. ಆದ್ದರಿಂದ ತೋಬಿತಕ್ಕೆ ಪಾಠಕ್ಕೊಂದು ಚೀಟಿ ಬೇಕು. 11ರಲ್ಲಿ ಮೀನಿನ ಪಿತ್ತದಿಂದ ಕಣ್ಣು ಬಂದ ತೋಬಿತ ಮೊದಲು ಮನೆಯಲ್ಲಿ, ಆಮೇಲೆ ನಿನೆವೆಯ ಬಾಗಿಲ ಬಳಿ ಜನರೆದುರು ಕೊಂಡಾಡುತ್ತಾನೆ. 12ರಲ್ಲಿ ದೇವದೂತ ರಫಾಯೇಲ ಅದನ್ನೇ ಆಜ್ಞೆ ಮಾಡುತ್ತಾನೆ: ಅರಸನ ಗುಟ್ಟು ಮುಚ್ಚಿಡುವುದು ಒಳ್ಳೆಯದು, ದೇವರ ಕೆಲಸವನ್ನು ಬಯಲು ಮಾಡಬೇಕು.

ಪಕ್ಕದ ಪ್ರಯೋಗಗಳೂ ಆದವು. 2 ಮಕ್ಕಬಿಯರಲ್ಲಿ ಕೊಂಡಾಟ ಹೆಚ್ಚಾಗಿ ಯುದ್ಧ ಗೆದ್ದ ಮೇಲೆ ಬರುತ್ತದೆ (10:38, 15:29), ಕೊನೆಯದು ‘ಪಿತೃಗಳ ಭಾಷೆಯಲ್ಲಿ’. ಲೂಕನ ರೋಗಿಗಳ ಪಕ್ಕದಲ್ಲಿ ಇಟ್ಟಾಗ ಎರಡನೇ ಅಂಕಣದ ವ್ಯತ್ಯಾಸ ಎದ್ದು ಕಾಣುತ್ತದೆ. ಮೂರನೇ ಅಂಕಣಕ್ಕೆ ಸಂಸೋನನನ್ನು ಹಿಡಿದು ತಮ್ಮ ದೇವರನ್ನು ಹೊಗಳಿದ ಫಿಲಿಷ್ಟಿಯರು (ನ್ಯಾಯಸ್ಥಾಪಕರು 16:24), ಬೆಳ್ಳಿಬಂಗಾರದ ದೇವರುಗಳನ್ನು ಹೊಗಳಿದ ಬೇಲ್ಶಚ್ಚರ (ದಾನಿಯೇಲ 5:4) ಬೇಕೇ ಬೇಕು. ಅವರಿಲ್ಲದಿದ್ದರೆ, ಜನ ತನ್ನನ್ನೇ ದೇವರೆಂದು ಕೂಗಿದಾಗ ದೇವರಿಗೆ ಮಹಿಮೆ ಸಲ್ಲಿಸದ ಹೆರೋದನ ಸಾವು (ಕೃತ್ಯಗಳು 12:23) ಒಂಟಿಯಾಗಿ ನಿಲ್ಲುತ್ತದೆ. ಯೋಸೇಫ–ಆಸೆನತ್ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದೆ, ಅದರ ಪಾಠಾಂತರಗಳ ಸಿಕ್ಕು ಬಿಡಿಸುವುದೇ ಬೇರೊಂದು ಕೆಲಸ.

ಖರ್ಚು ನೆನಪಿನಿಂದ: ಚೀಟಿ ಸುಮಾರು 140, ಬರೆದು ಹರಿದದ್ದು ಅಷ್ಟೇ. ಚೀಟಿ, ಡಬ್ಬಿ ಸೇರಿ 300 ರೂಪಾಯಿಯ ಆಸುಪಾಸು. ಸೆಪ್ಟುಅಜಿಂಟಿನ (ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದ) ಹಳೆಯ ಪ್ರತಿಗೆ 3,000 ಚಿಲ್ಲರೆ, ಬಣ್ಣದ ಹಾದಿಗೆ ಹಾಕಿದ ಜೆರಾಕ್ಸ್ ದುಡ್ಡು 900 ಪೂರ್ತಿ ನಷ್ಟ. ಗ್ರೀಕ್ ಹೊಸ ಒಡಂಬಡಿಕೆಯ ಎಸ್‌ಬಿಎಲ್ ಪಾಠ, ಹ್ಯಾಚ್–ರೆಡ್‌ಪಾತ್ ಪದಸೂಚಿಯ ಸ್ಕ್ಯಾನ್ ಪ್ರತಿ ಎರಡೂ ಪುಕ್ಕಟೆ. ಅವು ಇರುವಾಗ ತಂತ್ರಾಂಶಕ್ಕೆ ಹಣ ಸುರಿಯಬೇಡಿ.

ಕೃತ್ಯಗಳು 21:20 ಆದಮೇಲೆ ಡಬ್ಬಿ ಹೆಚ್ಚುಕಡಿಮೆ ಖಾಲಿ. ಮೆಲಿತೆ ದ್ವೀಪದಲ್ಲಿ ಪೊಪ್ಲಿಯನ ತಂದೆ ವಾಸಿಯಾಗುತ್ತಾನೆ, ದ್ವೀಪದ ಉಳಿದ ರೋಗಿಗಳೂ ಬಂದು ವಾಸಿಯಾಗುತ್ತಾರೆ (28:8–9), ಆದರೆ ದೇವರನ್ನು ಕೊಂಡಾಡಿದರು ಎಂಬ ವಚನ ಇಲ್ಲ. ಅದಕ್ಕೆ ಸ್ವಲ್ಪ ಮೊದಲು ಹಾವು ಕಚ್ಚಿದರೂ ಏನೂ ಆಗದ ಪೌಲನನ್ನು ನೋಡಿ ಅದೇ ಜನ ‘ಇವನೊಬ್ಬ ದೇವರು’ ಅಂದಿದ್ದರು. ಆ ಚೀಟಿಯ ಎರಡನೇ ಅಂಕಣ ತುಂಬಿದೆ, ಮೂರನೆಯದು ಈಗಲೂ ಖಾಲಿಯೇ ಇದೆ.