ಮಿನಿಟ್ಸ್ ಬುಕ್ ಇಲ್ಲದೆ ಕ್ಲಬ್ಬಿನ ಚರಿತ್ರೆ ಬರೆದದ್ದು: ನನ್ನ ಅನುಭವ

ನಮ್ಮ ಫ್ಯಾಮಿಲಿ ಕ್ಲಬ್ಬಿನ ಹುಬ್ಬಳ್ಳಿ ಶಾಖೆಯ ಚರಿತ್ರೆ ಕೊನೆಗೂ ಅಚ್ಚಾಗಿ ಬಂತು. 96 ಪುಟ. ಸಭೆಯ ನಡಾವಳಿ ಬರೆದಿಟ್ಟಿದ್ದ ಹಳೆ ಮಿನಿಟ್ಸ್ ಬುಕ್ಕುಗಳಿಗೆ ಗೆದ್ದಲು ಹಿಡಿದಿತ್ತು. "ಇನ್ನೇನ್ ಬರೀತೀರಿ, ಸುಮ್ನೆ ಫೋಟೋ ಆಲ್ಬಂ ಮಾಡಿಬಿಡ್ರಿ" ಅಂದವರೇ ಜಾಸ್ತಿ.

ಮೊದಲು ನಾನೂ ಎಲ್ಲರಂತೆ ಹಿರಿಯರನ್ನು ಕೂರಿಸಿ ರೆಕಾರ್ಡ್ ಮಾಡಿದೆ. ಏಳು ತಿಂಗಳು, ಸುಮಾರು ನಲವತ್ತು ತಾಸು ಮಾತು. ಒಬ್ಬರು ಹೇಳಿದ ಇಸವಿ ಇನ್ನೊಬ್ಬರದಕ್ಕೆ ಕೂಡಲಿಲ್ಲ. ಆಗ ಉಲ್ಟಾ ಮಾಡಿದೆ. ಮೊದಲು ಕಾಗದ, ಆಮೇಲೆ ಮಾತು. ಆಮಂತ್ರಣ, ವರ್ಗಣಿ ರಸೀದಿ, ಪಾತ್ರೆ ಬಾಡಿಗೆ ಚೀಟಿ, ಏನು ಸಿಕ್ಕರೂ ಬಿಡಲಿಲ್ಲ.

ಕಾಗದದ ಮೇಲೆ 'ಮೈಸೂರು ರಾಜ್ಯ' ಅಂತಿದ್ದರೆ 1973ರ ನವೆಂಬರ್‌ಗಿಂತ ಮೊದಲಿನದು, ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ಆದಮೇಲಿನದು. ಕರ್ನಾಟಕ ಅನ್ನುವ ಹೆಸರು, ಪಿನ್‌ಕೋಡ್ ಬಂದದ್ದೇ ಆ ತಿಂಗಳುಗಳಲ್ಲಿ. ಆದರೆ ಹಳೆ ಲೆಟರ್‌ಹೆಡ್ ಮುಗಿಯುವ ತನಕ ಬಳಸುವವರೂ ಇರುತ್ತಾರೆ, ಒಂದೇ ಗುರುತು ನಂಬಬೇಡಿ. ನನ್ನ ಕೈ ಹಿಡಿದದ್ದು ವಾರದ ಹೆಸರು. ಕೇಶ್ವಾಪುರದ ಒಂದು ಮನೆಯಲ್ಲಿ ನಮ್ಮ ಶಾಖೆಯ ಗುಲಾಬಿ ಬಣ್ಣದ ಆಮಂತ್ರಣ ಸಿಕ್ಕಿತು, ಮೂಲೆಗೆ ಅರಿಶಿನದ ಕಲೆ. 'ರವಿವಾರ, ಆಗಸ್ಟ್ 15, ಉಣಕಲ್ ಕೆರೆ ದಂಡೆಯ ಮೇಲೆ ಊಟ, ಮನೆಗೆ ಹತ್ತು ರೊಟ್ಟಿ ತರುವುದು.' ಇಸವಿ ಇಲ್ಲ! ಆಗಸ್ಟ್ 15 ರವಿವಾರ ಬಂದದ್ದು 1965, 1971, 1976, 1982ರಲ್ಲಿ. ಮೇಲೆ ಮೈಸೂರು ರಾಜ್ಯ ಅಂತಿತ್ತು, ಹಾಗಾಗಿ ಕೊನೆಯ ಎರಡನ್ನು ಪಕ್ಕಕ್ಕಿಟ್ಟೆ. ಆ ಮನೆಯ ಅಜ್ಜಿ ಕಾರ್ಡ್ ನೋಡಿದ್ದೇ, "ಅವತ್ತು ನನ್ನ ಹಿರಿ ಮಗಳು ಇನ್ನೂ ಅಂಬೆಗಾಲು ಇಡ್ತಿದ್ಲು" ಅಂದರು. ಮಗಳು ಹುಟ್ಟಿದ್ದು 1970ರ ಕೊನೆಗೆ. ಅಲ್ಲಿಗೆ 1971 ಗಟ್ಟಿಯಾಯಿತು. ಶಾಖೆ ಶುರುವಾದದ್ದು 1974ರಲ್ಲಿ ಅಂತ ಐವತ್ತು ವರ್ಷ ಎಲ್ಲರೂ ಹೇಳುತ್ತಾ ಬಂದಿದ್ದರು. ಅದನ್ನು ತಿದ್ದಿದವನು ನಾನು, ಆ ಹೆಮ್ಮೆ ಇದೆ.

ರೋಟರಿ, ಲಯನ್ಸ್ ಥರ ನಮ್ಮಲ್ಲೂ ವರ್ಷ ಜುಲೈ 1ಕ್ಕೆ ಶುರು. ಇದನ್ನು ಮರೆತು ಅಧ್ಯಕ್ಷರ ಪಟ್ಟಿ ಹಾಕಿದ್ದೆ. ಆರು ಹೆಸರು ಒಂದೊಂದು ವರ್ಷ ಹಿಂದೆ ಬಿದ್ದವು, ಪೂರ್ತಿ ಹೊಸದಾಗಿ ಬರೆದೆ.

ಅಂಟು ಆಲ್ಬಮ್ಮಿನ ಫೋಟೋಗಳದು ಬೇರೆಯೇ ಕಥೆ. ಅಂಟಿಕೊಂಡದ್ದನ್ನು ಬಿಡಿಸಲು ಹೇರ್ ಡ್ರೈಯರ್ ಹಿಡಿದೆ, ಎರಡು ಫೋಟೋ ಸುರುಳಿಯಾದವು, ಇಂದಿಗೂ ಹೊಟ್ಟೆ ಉರಿಯುತ್ತದೆ. ಆಮೇಲೆ ಹಲ್ಲಿನ ಸಂದಿ ಸ್ವಚ್ಛ ಮಾಡುವ ಫ್ಲಾಸ್ ದಾರವನ್ನು ಫೋಟೋ ಕೆಳಗೆ ಗರಗಸದ ಹಾಗೆ ನಿಧಾನ ಎಳೆದೆ. ಬಿಟ್ಟುಕೊಂಡು ಬಂತು. ಮಾಸಿದ ಪೆನ್ಸಿಲ್ ಬರಹಕ್ಕೆ ಕತ್ತಲ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಒತ್ತಿದ ಗೆರೆ ಎದ್ದು ಕಾಣುತ್ತದೆ. ಇನ್ನು, ಫೋಟೋ ಕೊಡಲ್ಲ ಅಂದ ಮನೆಗಳಿಂದ ಹೇಗೆ ತಂದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಖರ್ಚು? ಸ್ಕ್ಯಾನರ್ ಏಳು ಸಾವಿರದ ಹತ್ತಿರ, ಓಡಾಟ ನಾಲ್ಕೈದು ಸಾವಿರ. ಮುದ್ರಣ ಅಂದರೆ ಗದಗ ಅಲ್ವಾ, ಅಲ್ಲೇ ಕೊಟ್ಟೆ. 200 ಪ್ರತಿಗೆ ಮೂವತ್ತೆಂಟು ಸಾವಿರದಷ್ಟಾಯಿತು. ಮೊದಲ ಪ್ರೂಫಿನಲ್ಲಿ ಯೂನಿಕೋಡ್‌ನಿಂದ ನುಡಿ ತಂತ್ರಾಂಶದ ಅಕ್ಷರಕ್ಕೆ ಬದಲಿಸುವಾಗ ಅರ್ಕಾವೊತ್ತುಗಳೆಲ್ಲ ಕೈಕೊಟ್ಟಿದ್ದವು. 'ಕಾರ್ಯದರ್ಶಿ' ಒಂದು ಕಡೆಯೂ ಸರಿ ಇರಲಿಲ್ಲ. ಹನ್ನೊಂದು ದಿನ ಕೂತು ತಿದ್ದಿದೆ.

1978-79ರ ಅಧ್ಯಕ್ಷರ ಫೋಟೋ ಮಾತ್ರ ಇನ್ನೂ ಸಿಕ್ಕಿಲ್ಲ. ಪುಟದಲ್ಲಿ ಜಾಗ ಖಾಲಿ ಬಿಟ್ಟಿದ್ದೇನೆ. ಅವರ ಮಗಳು ಹಾವೇರಿಯಲ್ಲಿದ್ದಾರಂತೆ. ಬರುವ ರವಿವಾರ ಫ್ಲಾಸ್ ದಾರ, ಟಾರ್ಚ್ ಹಿಡಿದು ಹೊರಡುತ್ತೇನೆ.