ಕಣ್ಣಿಲ್ಲದ ವೆಲ್ಡರ್‌ಗೆ ಪಾಠ ಹೇಳಿದ್ದು

ದಾವಣಗೆರೆಯ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಹದಿನಾರು ವರ್ಷ ಕೈಯಲ್ಲೇ ವೆಲ್ಡಿಂಗ್ ಮಾಡಿದವನು ನಾನು. ಟ್ರ್ಯಾಕ್ಟರ್‌ಗೆ ಕಟ್ಟುವ ಕಲ್ಟಿವೇಟರ್ ಚೌಕಟ್ಟು, ಅದರ ಬ್ರಾಕೆಟ್ಟುಗಳು ನಮ್ಮ ಕೆಲಸ. ಮೂರು ವರ್ಷದಿಂದ ವೆಲ್ಡಿಂಗ್ ಟಾರ್ಚ್ ನನ್ನ ಕೈಯಲ್ಲಿಲ್ಲ, ರೋಬೋಟ್ ಕೈಯಲ್ಲಿದೆ. ಅದನ್ನು ನೋಡಿಕೊಳ್ಳುವುದು ನನ್ನ ಪಾಲು.

ಬಂದದ್ದು ಹಳೆಯ ಯಂತ್ರ. ಪುಣೆ ಕಡೆಯ ವಾಹನ ಕಾರ್ಖಾನೆಯೊಂದು ಬಳಸಿ ಬಿಟ್ಟ, ಆರು ಕೀಲುಗಳ ತೋಳು. 2023ರಲ್ಲಿ ಭಾರತದಲ್ಲಿ ಹೊಸದಾಗಿ ಕೂರಿಸಿದ ಕೈಗಾರಿಕಾ ರೋಬೋಟ್‌ಗಳು 8,510. ಅದರಲ್ಲಿ ದೊಡ್ಡ ಪಾಲು ವಾಹನ ಕಾರ್ಖಾನೆಗಳದ್ದೇ. ಅಲ್ಲಿ ಹಳೆಯದಾದದ್ದು ನಮ್ಮಂಥವರ ಶೆಡ್ಡಿಗೆ ಇಳಿಯುತ್ತದೆ. ನಿಂಬೆಹಣ್ಣು ಕಟ್ಟಿ, ಕುಂಕುಮ ಇಟ್ಟು ಪೂಜೆ ಮಾಡಿದೆವು. ಮಂಗಳಾರತಿ ತೆಗೆದುಕೊಳ್ಳುವಾಗ ನನಗೆ ಅಪ್ಪನ ನೆನಪಾಯಿತು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಈ ಊರಿನ ಹತ್ತಿ ಗಿರಣಿಯೊಂದರಲ್ಲಿ ದುಡಿದು, ಅದು ನಿಂತ ಮೇಲೆ ಮಂಡಕ್ಕಿ ಭಟ್ಟಿಯ ಹೊಗೆಗೆ ಹೋದವರು ಅವರು.

ಕಲಿಸಲು ಬಂದ ಇಂಜಿನಿಯರ್ ಐದು ದಿನ ಇದ್ದರು. ರೋಬೋಟ್‌ಗೆ ದಾರಿ ಕಲಿಸುವ ಹಲಗೆಯಂಥ ರಿಮೋಟಿನ ಹಿಂದೆ ಒಂದು ಸ್ವಿಚ್ ಇರುತ್ತದೆ. ಅದನ್ನು ಅರ್ಧಕ್ಕೆ ಒತ್ತಿ ಹಿಡಿದರಷ್ಟೇ ತೋಳು ಅಲುಗುತ್ತದೆ. ಕೈ ಬಿಟ್ಟರೂ ನಿಲ್ಲುತ್ತದೆ, ಗಾಬರಿಯಲ್ಲಿ ಹಿಚುಕಿದರೂ ನಿಲ್ಲುತ್ತದೆ. ಹೆದರಿದ ಮನುಷ್ಯ ಈ ಎರಡರಲ್ಲಿ ಒಂದನ್ನು ಮಾಡಿಯೇ ಮಾಡುತ್ತಾನೆ ಎಂದು ತಿಳಿದವರು ಮಾಡಿದ ಸ್ವಿಚ್ ಅದು. ಮೊದಲ ದಿನ ನಾನು ಎರಡನ್ನೂ ಮಾಡಿದೆ.

ಮೊದಲ ಬ್ರಾಕೆಟ್ ಚೆನ್ನಾಗಿ ಬಂತು. ಎರಡನೆಯದೂ ಸರಿ. ಮೂರನೆಯದರಲ್ಲಿ ತೂತು! ನಮ್ಮ ತಗಡುಗಳು ಗ್ಯಾಸ್ ಕಟಿಂಗ್‌ನವು, ಅಂಚು ಒಂದೇ ಸಮ ಇರುವುದಿಲ್ಲ. ಒಂದರಲ್ಲಿ ಸಂದೇ ಇರುವುದಿಲ್ಲ, ಇನ್ನೊಂದರಲ್ಲಿ ಮೂರು ಮಿಲಿಮೀಟರ್ ಸಂದು. ನಾನಾದರೆ ಕರಗಿದ ಲೋಹ ಕೆಳಗೆ ಜಾರುವುದನ್ನು ಕಂಡ ಕೂಡಲೇ ಟಾರ್ಚ್ ಅಲ್ಲಾಡಿಸಿ ಎರಡೂ ಅಂಚನ್ನು ಹಿಡಿದು ತುಂಬುತ್ತಿದ್ದೆ. ಸದ್ದೂ ಹೇಳುತ್ತದೆ: ಕೆಲಸ ಸರಿ ಇದ್ದರೆ ಬಾಣಲೆಯಲ್ಲಿ ಮಿರ್ಚಿ ಬೇಯುವ ಸದ್ದು, ಕೆಟ್ಟರೆ ಪಟಪಟ. ನಮ್ಮ ರೋಬೋಟ್‌ಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಸಂದಿದ್ದರೂ ಇಲ್ಲದಿದ್ದರೂ ಹೇಳಿಕೊಟ್ಟ ಗೆರೆಯ ಮೇಲೆ ಹೋಗಿ ಬರುತ್ತದೆ.

ಕೊನೆಗೆ ಬದಲಾಗಬೇಕಾದದ್ದು ನಾವು. ತಗಡನ್ನು ಲೇಸರ್ ಕಟಿಂಗ್‌ಗೆ ಕೊಟ್ಟೆವು, ಬಿಗಿಯಾಗಿ ಕಚ್ಚುವ ಫಿಕ್ಸ್ಚರ್ ಮಾಡಿಸಿದೆವು. ಆದರೂ ಚೌಕಟ್ಟು ಬಿಲ್ಲಿನಂತೆ ಬಾಗುತ್ತಿತ್ತು. ಇಂಜಿನಿಯರ್ ಆಂಪಿಯರ್ ಇಳಿಸಿ ನೋಡಿದರು, ಆಗಲಿಲ್ಲ. ನಮ್ಮ ಮೇಸ್ತ್ರಿ ಚಹಾ ಕುಡಿಯುತ್ತಾ, “ಒಂದೇ ಕಡೆಯಿಂದ ಎಳೆದುಕೊಂಡು ಹೋದರೆ ಇನ್ನೇನಾಗುತ್ತದೆ ಸಾರ್? ಇಲ್ಲೊಂದು, ಎದುರಿಗೊಂದು ಹಾಕಿಸಿ” ಎಂದರು. ಸೀಮೆಸುಣ್ಣದಲ್ಲಿ ಒಂದರಿಂದ ಎಂಟರವರೆಗೆ ಬರೆದೂ ಕೊಟ್ಟರು. ಇವತ್ತಿಗೂ ಆ ಪ್ರೋಗ್ರಾಂ ಅದೇ ಕ್ರಮದಲ್ಲಿ ಓಡುತ್ತಿದೆ.

ಶಿಫ್ಟ್‌ಗೆ ನಲವತ್ತು ಆಗುತ್ತಿದ್ದ ಬ್ರಾಕೆಟ್ ಈಗ ನೂರು ದಾಟುತ್ತದೆ. ರಾತ್ರಿ ಕಣ್ಣುರಿ ತಡೆಯಲಾರದೆ ಆಲೂಗಡ್ಡೆ ಹೋಳು ಇಟ್ಟುಕೊಂಡು ಮಲಗುವುದು ತಪ್ಪಿದೆ. ಇದನ್ನು ಬೇಡ ಎನ್ನುವವನಲ್ಲ ನಾನು. 1961ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಾರ್ಖಾನೆಗೆ ಬಂದ ಮೊದಲ ಕೈಗಾರಿಕಾ ರೋಬೋಟ್ ಯೂನಿಮೇಟ್ ಕೂಡ ಅಚ್ಚಿನಿಂದ ಬಂದ ಕಾದ ಲೋಹವನ್ನು ಎತ್ತಿಡುವ, ಯಾರಿಗೂ ಬೇಡದ ಕೆಲಸವನ್ನೇ ಮಾಡಿತ್ತು.

“ಯಾರನ್ನೂ ತೆಗೆದಿಲ್ಲ” ಎನ್ನುತ್ತಾರೆ ಮಾಲೀಕರು. ಹಾಜರಿ ಪುಸ್ತಕದ ಪ್ರಕಾರ ಅದು ನಿಜ. ನಾಲ್ವರು ವೆಲ್ಡರ್‌ಗಳೂ ಇದ್ದೇವೆ. ಆದರೆ ಮೂವರು ಹೆಲ್ಪರ್ ಹುಡುಗರಲ್ಲಿ ಇಬ್ಬರ ಹೆಸರು ಆ ಪುಸ್ತಕದಲ್ಲಿ ಎಂದೂ ಇರಲಿಲ್ಲ. ತಗಡು ಜೋಡಿಸಿ ಹಿಡಿಯುವುದು, ಅದು ಅಲುಗದಂತೆ ಅಲ್ಲಲ್ಲಿ ಚುಕ್ಕಿ ವೆಲ್ಡಿಂಗ್, ಅಂದರೆ ಟ್ಯಾಕ್ ಹಾಕುವುದು, ಗ್ರೈಂಡಿಂಗ್ ಅವರ ಕೆಲಸವಾಗಿತ್ತು. ಅದು ಕಡಿಮೆಯಾದಂತೆ ಅವರಿಗೆ ಫೋನ್ ಹೋಗುವುದೂ ನಿಂತಿತು. ನಾನೂ ಒಳಗೆ ಬಂದದ್ದು ಆ ಬಾಗಿಲಿನಿಂದಲೇ. ಎರಡು ವರ್ಷ ಟ್ಯಾಕ್ ಹಾಕಿದ ಮೇಲೆ ಮೇಸ್ತ್ರಿ ನನ್ನ ಕೈಗೆ ಟಾರ್ಚ್ ಕೊಟ್ಟಿದ್ದರು. ಮೇಸ್ತ್ರಿಗೆ ಈಗ ಅರವತ್ತು. ಎಂಟರವರೆಗೆ ಬರೆದುಕೊಡುವವರು ಮುಂದೆ ಯಾರು ಎಂದು ಮಾಲೀಕರನ್ನು ಕೇಳಿದೆ. ಯೋಚಿಸೋಣ ಎಂದರು.

ಅವರು ಯೋಚಿಸುವವರೆಗೆ, ಉಳಿದ ಒಬ್ಬ ಹೆಲ್ಪರ್‌ಗೆ ಶನಿವಾರ ಸಂಜೆ ಗುಜರಿ ತಗಡಿನ ಮೇಲೆ ಕೈ ಕೂರಿಸುತ್ತಿದ್ದೇನೆ. ಬೇಕೆಂದೇ ಮೂರು ಮಿಲಿಮೀಟರ್ ಸಂದು ಬಿಟ್ಟು ಕೊಡುತ್ತೇನೆ. ಹುಡುಗನ ಬೀಡ್, ಅಂದರೆ ವೆಲ್ಡಿಂಗ್ ಬಿಟ್ಟು ಹೋಗುವ ಲೋಹದ ಗೆರೆ, ಇನ್ನೂ ಹಕ್ಕಿ ಹಿಕ್ಕೆ ಹಾಕಿದಂತಿದೆ. ವೆಲ್ಡಿಂಗ್ ತಂತಿ ಇಷ್ಟೇಕೆ ಖರ್ಚಾಗುತ್ತಿದೆ ಎಂದು ಮಾಲೀಕರು ಕೇಳಿದ್ದಾರೆ. ತಿಂಗಳ ಕೊನೆಗೆ ಲೆಕ್ಕ ಕೊಡಬೇಕು.