ರೇಸ್ ಬಿಟ್ಟ ಕುದುರೆಗೆ ಎರೆಸೀಮೆಯಲ್ಲಿ ಹೊಸ ಪಾಠ

ಹುಬ್ಬಳ್ಳಿ-ಧಾರವಾಡದ ಕಡೆ ರೇಸ್ ಬಿಟ್ಟ ಥರೋಬ್ರೆಡ್ (ರೇಸಿನ ತಳಿ) ಕುದುರೆಯನ್ನು ಸವಾರಿಗೆ, ಪ್ರದರ್ಶನಕ್ಕೆ ಎಂದು ತರಲು ಹೊರಟವರು ಮೊದಲು ಕೇಳುವುದು ಬೆಲೆ. ಕೇಳಬೇಕಾದದ್ದು ಅದು ಓಟ ನಿಲ್ಲಿಸಿದ್ದು ಯಾಕೆ ಅಂತ. ಬರೀ ವೇಗ ಸಾಲದೆ ಹೊರಬಿದ್ದಿದ್ದರೆ ಅದಕ್ಕಿಂತ ಒಳ್ಳೆಯ ಕುದುರೆ ಸಿಗುವುದಿಲ್ಲ. ಓಡಿದಾಗ ಮೂಗಿನಲ್ಲಿ ರಕ್ತ ಬರುತ್ತಿದ್ದ ಕುದುರೆಯೂ ಹಗುರ ಕೆಲಸಕ್ಕೆ ಸಾಮಾನ್ಯವಾಗಿ ನಡೆಯುತ್ತದೆ. ಮುಂಗಾಲಿನ ಹಿಂಬದಿಯ ಟೆಂಡನ್ (ಮಾಂಸವನ್ನು ಮೂಳೆಗೆ ಕಟ್ಟುವ ನಾರು) ಹಿಂದೆ ಹರಿದು ಮಾಗಿದ್ದರೆ ಅಂಗಳದಲ್ಲಿ ನಡೆ-ತಿರುವು ತೋರಿಸುವ ಡ್ರೆಸ್ಸಾಜ್‌ಗೆ ಆದೀತು, ಜಿಗಿತಕ್ಕೆ ಬೇಡ. ಮೊಣಕಾಲಿನಿಂದ ಕೆಳಕ್ಕೆ ಬೆರಳು ಆಡಿಸಿ ಎರಡೂ ಕಾಲು ಹೋಲಿಸಿ ನೋಡಿ; ಒಂದು ಕಡೆ ಉಬ್ಬು ಅಥವಾ ಬಿಸಿ ಹತ್ತಿದರೆ ಅಲ್ಟ್ರಾಸೌಂಡ್ ಆಗದೆ ಹಣ ಕೊಡಬೇಡಿ.

ಪಾಸ್‌ಪೋರ್ಟಿನಲ್ಲಿ ಬರೆದ ಗುರುತು, ಮೈಕ್ರೋಚಿಪ್ ನಂಬರ್ ಕುದುರೆಗೆ ತಾಳೆಯಾಗಬೇಕು. ಸಾಗಣೆಗೆ ಪಶುವೈದ್ಯರ ಪ್ರಮಾಣಪತ್ರ ಬೇಕು. ಗ್ಲ್ಯಾಂಡರ್ಸ್ ಎಂಬ ಅಂಟುರೋಗ ಇಲ್ಲವೆಂದು ರಕ್ತಪರೀಕ್ಷೆಯಲ್ಲಿ ಬಂದಿದ್ದರೆ ಮಾತ್ರ ಗಾಡಿಗೆ ಹತ್ತಿಸಿ. ಆ ರೋಗ ಮನುಷ್ಯರಿಗೂ ಅಂಟುತ್ತದೆ, ಔಷಧಿ ಕೊಟ್ಟು ವಾಸಿಯಾಗಲಿ ಎಂದು ಕಾಯುವ ಕಾಯಿಲೆಯಲ್ಲ ಅದು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೆದ್ದಾರಿಯಲ್ಲಿ 400 ಕಿಲೋಮೀಟರ್ ಮೇಲೆ. ದಾರಿಯುದ್ದಕ್ಕೂ ತಲೆ ಎತ್ತಿ ಬಿಗಿದು ಕಟ್ಟಿದರೆ ಶ್ವಾಸನಾಳದ ಕಫ, ಧೂಳು ಕೆಳಗಿಳಿಯದೆ ಎದೆ ಕಟ್ಟಿ ನ್ಯುಮೋನಿಯಾ ಆಗುತ್ತದೆ. ಅದಕ್ಕೇ ಮೂರ್ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ, ಹಗ್ಗ ಸಡಿಲಿಸಿ, ತಲೆ ಕೆಳಗೆ ಬಿಡಿಸಿ ನೀರು ಕುಡಿಸಬೇಕು. ಊರು ಮುಟ್ಟಿದ ಮೇಲೆ ಮೂರು ದಿನ ಬೆಳಿಗ್ಗೆ-ಸಂಜೆ ಜ್ವರ ನೋಡಿ. 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ, ಅದಕ್ಕಿಂತ ಮೇಲೆ ಹೋದರೆ ಡಾಕ್ಟರನ್ನು ಕರೆಯಿರಿ.

ತರುವುದಕ್ಕೆ ಹೊತ್ತು ಅಕ್ಟೋಬರ್ ಕೊನೆ. ಎರೆ (ಕಪ್ಪು ಮಣ್ಣಿನ) ಹೊಲ ಮಳೆಗಾಲದಲ್ಲಿ ಗೊರಸಿಗೆ ಮೆತ್ತಿಕೊಂಡು ಲಾಳ ಕಿತ್ತುಕೊಳ್ಳುತ್ತದೆ. ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕಿನಲ್ಲಿ ಕಾಲು ಸಿಕ್ಕೀತು. ಜೋಳ ಕೊಯ್ದ ಹೊಲದ ಕೂಳೆ ಗೊರಸಿನ ಮೇಲಿನ ಮೆತ್ತನೆಯ ಭಾಗಕ್ಕೆ ಚುಚ್ಚುತ್ತದೆ. ಅಂತೂ ವರ್ಷವಿಡೀ ಕೆಲಸ ನಡೆಯಬೇಕಾದರೆ ಬೇರೆ ಅಂಗಳ ಬೇಕೇ ಬೇಕು.

20 ಮೀಟರ್ ಅಗಲ, 40 ಮೀಟರ್ ಉದ್ದದ ಅಂಗಳಕ್ಕೆ ಎಂಟು ಗುಂಟೆ ಜಾಗ ಹಿಡಿಯುತ್ತದೆ. ಎರೆ ಮಣ್ಣನ್ನು ಮೇಲಿಂದ ಕೆತ್ತಿ ತೆಗೆದು, ಆರಿಂಚು ಗರಸು ಹಾಕಿ, ನೀರು ಹೊಡೆದು ರೋಲರ್ ಹೊಡೆಸಿ. ಸುಮಾರು 43 ಬ್ರಾಸ್ (ಒಂದು ಬ್ರಾಸ್ ಎಂದರೆ ನೂರು ಘನ ಅಡಿ) ಬೇಕು. ಅದರ ಮೇಲೆ ಎರಡೂವರೆ ಇಂಚು ಉಸುಕು, ಅಂದರೆ 18 ಬ್ರಾಸ್. ಒಂದು ಕಡೆಗೆ ನೂರಡಿಗೆ ಒಂದಡಿ ಇಳಿಜಾರು ಕೊಡದಿದ್ದರೆ ಮೊದಲ ಮಳೆಗೇ ಕೆರೆ. ಹೆಚ್ಚು ಮೆತ್ತಗಿರಲಿ ಎಂದು ಐದಾರು ಇಂಚು ಉಸುಕು ಸುರಿಯುವವರಿದ್ದಾರೆ. ಆಳ ಉಸುಕಿನಲ್ಲಿ ಕಾಲು ಎಳೆದು ಎಳೆದು, ರೇಸಿನಲ್ಲಿ ಉಳಿದ ಟೆಂಡನ್ ಇಲ್ಲಿ ಹೋಗುತ್ತದೆ.

ಮೊದಲ ಆರರಿಂದ ಎಂಟು ವಾರ ಜೀನು ಮುಟ್ಟಬೇಡಿ. ಲಾಯದಲ್ಲೇ ಹೆಚ್ಚು ಹೊತ್ತು ಕಳೆದ ಪ್ರಾಣಿ ಬಯಲಿಗೆ ಬಿಟ್ಟ ತಕ್ಷಣ ಹುಚ್ಚು ಓಟ ಕೀಳುತ್ತದೆ. ಮೊದಲ ವಾರ ಚಿಕ್ಕ ಆವರಣದಲ್ಲಿ ಬಿಟ್ಟು, ಪಕ್ಕದಲ್ಲಿ ಶಾಂತ ಸ್ವಭಾವದ ಹಳೆಯ ಕುದುರೆ ಇಡಿ. ತೆಳು ಅಲ್ಯೂಮಿನಿಯಂ ಲಾಳವನ್ನು ನಾಲ್ಕೂ ಕಾಲಿಗೆ ಒಂದೇ ದಿನ ಕೀಳಿಸಬೇಡಿ. ಹಿಂಗಾಲು ಮೊದಲು, ಮುಂಗಾಲು ಆರು ವಾರ ಬಿಟ್ಟು. ಅಂಗಾಲು ತೆಳ್ಳಗಿದ್ದರೆ ಮುಂದೆ ಕಬ್ಬಿಣದ ಲಾಳವೇ ಇರಲಿ, ಐದಾರು ವಾರಕ್ಕೊಮ್ಮೆ ಬದಲಿಸಿ. ನಿನ್ನೆ ಚೆನ್ನಾಗಿದ್ದ ಕುದುರೆ ಇವತ್ತು ಕಾಲೂರದೆ ನಿಂತು, ಗೊರಸು ಬಿಸಿಯಾಗಿದ್ದರೆ ಬಹುಪಾಲು ಒಳಗೆ ಕೀವು ಎಂದೇ ತಿಳಿಯಿರಿ. ಡಾಕ್ಟರ್ ಬಂದು ಕೀವಿಗೆ ದಾರಿ ಮಾಡಿದ ಮೇಲೆ ಬಿಸಿನೀರಿನಲ್ಲಿ ಕಲಸಿದ ಗೋಧಿ ಬೂಸಾ ಮತ್ತು ಉಪ್ಪು ಕಟ್ಟಿದರೆ ಉಳಿದದ್ದೂ ಸೋರುತ್ತದೆ.

ಮೇವಿನಲ್ಲೇ ಹೆಚ್ಚು ಜನ ಎಡವುತ್ತಾರೆ. ಟ್ರ್ಯಾಕಿನಲ್ಲಿ ಕಾಳು ಹೆಚ್ಚು, ಹುಲ್ಲು ಕಡಿಮೆ ತಿಂದ ಕುದುರೆಗೆ ಹೊಟ್ಟೆಯಲ್ಲಿ ಹುಣ್ಣು ಇರುವುದೇ ಹೆಚ್ಚು. ಜೀನಿನ ಪಟ್ಟಿ ಬಿಗಿಯುವಾಗ ಕಚ್ಚಲು ತಿರುಗುವುದು, ಕಾಳು ಅರ್ಧಕ್ಕೆ ಬಿಡುವುದು, ಮೈಬಣ್ಣ ಮಂಕಾಗುವುದು ಅದರ ಲಕ್ಷಣ. ಇದನ್ನು ಸೊಕ್ಕು ಎಂದುಕೊಂಡು ಹೊಡೆಯುವವರೇ ಜಾಸ್ತಿ. 480 ಕಿಲೋ ತೂಗುವ ಕುದುರೆಗೆ ದಿನಕ್ಕೆ 9–10 ಕಿಲೋ ಒಣಮೇವು ಬೇಕು. ಕಲಘಟಗಿ ಕಡೆಯ ಒಳ್ಳೆಯ ಕರಡದ ಹುಲ್ಲು ಮುಖ್ಯ ಮೇವಾಗಲಿ, ಜೊತೆಗೆ ಎರಡು ಕಿಲೋ ಒಣಗಿಸಿದ ಕುದುರೆ ಮೆಂತೆ (ಲೂಸರ್ನ್ ಮೇವು). ಶೇಂಗಾ ಹೊಟ್ಟು ಕೊಡಬಹುದು, ಆದರೆ ಮಳೆಗೆ ನೆನೆದು ಬೂಸಲು ಹಿಡಿದದ್ದು ವಿಷ. ಜೋಳದ ಕಣಿಕೆ ದಪ್ಪ, ನೀರು ಸಾಲದಿದ್ದರೆ ಕರುಳಿನಲ್ಲಿ ಗಟ್ಟಿಯಾಗುತ್ತದೆ. ಎಳೆಯ ಹಸಿ ಜೋಳ, ಕೂಳೆಯ ಚಿಗುರು ಬೇಡವೇ ಬೇಡ. ದನದ ಹಿಂಡಿ, ಚೀಲದ ಪಶು ಆಹಾರ ಹತ್ತಿರ ಸುಳಿಯಬಾರದು: ಅದರಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆತಿದ್ದರೆ ದನಕ್ಕೆ ಏನೂ ಆಗುವುದಿಲ್ಲ, ಕುದುರೆಯ ಹೃದಯ ನಿಲ್ಲುತ್ತದೆ. ಕಾಳು ಒಂದು ಹೊತ್ತಿಗೆ ಎರಡು ಕಿಲೋ ದಾಟಬಾರದು. ಉಪ್ಪು ದಿನಕ್ಕೆ 30–50 ಗ್ರಾಂ. ಯಾವ ಮೇವೇ ಇರಲಿ, ಬದಲಾವಣೆ ಹತ್ತರಿಂದ ಹದಿನಾಲ್ಕು ದಿನದಲ್ಲಿ ಸ್ವಲ್ಪಸ್ವಲ್ಪವಾಗಿ. ಹತ್ತುವ ಅರ್ಧ ಗಂಟೆ ಮುಂಚೆ ಒಂದು ಹಿಡಿ ಒಣ ಕುದುರೆ ಮೆಂತೆ ತಿನ್ನಿಸಿ, ಖಾಲಿ ಹೊಟ್ಟೆಯ ಆಮ್ಲ ಮೇಲಕ್ಕೆ ಚಿಮ್ಮುವುದು ತಪ್ಪುತ್ತದೆ.

ಇನ್ನು ಪಾಠ. ಈ ಕುದುರೆಗೆ ಏನೂ ಗೊತ್ತಿಲ್ಲ ಅಂತಲ್ಲ. ಗೊತ್ತಿರುವುದು ನಮಗೆ ಉಲ್ಟಾ. ರೇಸಿನಲ್ಲಿ ಸವಾರ ಲಗಾಮು ಬಿಗಿ ಹಿಡಿದಷ್ಟೂ ಕುದುರೆ ಕಡಿವಾಣಕ್ಕೆ ಒರಗಿ ಓಡುತ್ತದೆ. ಹೆದರಿದ ಸವಾರ ಎರಡೂ ಕೈಯಿಂದ ಎಳೆದರೆ ಅದಕ್ಕೆ ಕೇಳಿಸುವುದು ‘ಓಡು’ ಅಂತ. ಹಾಗಾಗಿ ನಿಲ್ಲಿಸುವುದನ್ನು ನೆಲದಿಂದಲೇ ಕಲಿಸಬೇಕು. ಉದ್ದ ಹಗ್ಗದಲ್ಲಿ 18–20 ಮೀಟರ್ ಅಗಲದ ವೃತ್ತ, ಒಂದೊಂದು ದಿಕ್ಕಿಗೆ ಐದಾರು ನಿಮಿಷ, ಒಟ್ಟು 15 ನಿಮಿಷ ಸಾಕು. ‘ಹೋ’ ಎಂದಾಗ ನಿಂತರೆ ಹಗ್ಗ ತಕ್ಷಣ ಸಡಿಲ. ಚಿಕ್ಕ ವೃತ್ತದಲ್ಲಿ ಗಂಟೆಗಟ್ಟಲೆ ಸುತ್ತಿಸಿ ಸುಸ್ತು ಮಾಡುವ ಪದ್ಧತಿ ಬೇಡ. ಕುದುರೆ ಪಳಗುವುದಿಲ್ಲ, ಮೊಣಕಾಲು ಹಾಳಾಗುತ್ತದೆ, ಓಡುವ ಕಸುವು ಮಾತ್ರ ಹೆಚ್ಚುತ್ತದೆ.

ಕಟ್ಟೆ ಇಟ್ಟು ಹತ್ತುವುದೂ ಹೊಸದು. ರೇಸಿನಲ್ಲಿ ಕುದುರೆ ನಡೆಯುತ್ತಿರುವಾಗಲೇ ಸವಾರನ ಕಾಲು ಹಿಡಿದು ಎತ್ತಿ ಕೂರಿಸುತ್ತಾರೆ. ಕಟ್ಟೆಯ ಪಕ್ಕ ನಿಲ್ಲಿಸಿ, ಮೇಲೆ ಒರಗಿ, ಇಳಿದು, ಒಂದು ಹಿಡಿ ಹುಲ್ಲು ಕೊಟ್ಟು, ಮತ್ತೆ. ಕೂತ ಮೇಲೆ ಹತ್ತು ಎಣಿಸುವವರೆಗೆ ಹೆಜ್ಜೆ ಇಡಬಾರದು. ಕಾಲಿನ ಒತ್ತು ಅದಕ್ಕೆ ಗೊತ್ತೇ ಇಲ್ಲ: ನೆಲದಲ್ಲಿ ನಿಂತು, ಜೀನಿನ ಪಟ್ಟಿಯ ಹಿಂದೆ ಬೆರಳಿನಿಂದ ಒತ್ತಿ, ಒಂದು ಹೆಜ್ಜೆ ಸರಿದರೆ ಬಿಡುವುದನ್ನು ಮೊದಲು ರೂಢಿಸಿ.

ಸವಾರಿ ವಾರಕ್ಕೆ ನಾಲ್ಕು ದಿನ, 25 ನಿಮಿಷ. ಮೊದಲ ತಿಂಗಳು ಬರೀ ನಡಿಗೆ, ಎರಡನೆಯದರಲ್ಲಿ ಟ್ರಾಟ್ (ಕುಕ್ಕುಲೋಟ), ಮೂರನೆಯದರಲ್ಲಿ ಕ್ಯಾಂಟರ್ (ಅದಕ್ಕಿಂತ ಜೋರಿನ ಓಟ). ವೇಗ ಏರಿದರೆ ಎಳೆಯಬೇಡಿ, 15 ಮೀಟರ್ ವೃತ್ತಕ್ಕೆ ತಿರುಗಿಸಿ. ಹಿಂದಿನಿಂದ ಬೇರೆ ಕುದುರೆ ಓಡಿ ಬಂದರೆ ಹಳೆಯ ರೇಸ್ ಎದ್ದು ಕೂರುತ್ತದೆ, ಆದ್ದರಿಂದ ಗುಂಪಿನ ಸವಾರಿ ಆಮೇಲೆ. ಮೂರು ತಿಂಗಳಿಗೆ ಬೆನ್ನಿನ ಮಾಂಸ ಬದಲಾಗಿ ಹಳೆಯ ಜೀನು ಕಚ್ಚತೊಡಗುತ್ತದೆ. ಹೆಗಲಿನ ಮೂಳೆಗೂ ಜೀನಿಗೂ ನಡುವೆ ಎರಡು-ಮೂರು ಬೆರಳಿನ ಸಂದು ಇದೆಯೇ ನೋಡಿ. ಟ್ರಾಟ್ ಸರಿಹೋದ ಮೇಲೆ ನೆಲದ ಮೇಲೆ ಕಂಬ ಜೋಡಿಸಿ, 1.3 ಮೀಟರ್ ಅಂತರ. ಕುದುರೆ ಕಂಬ ತಾಗಿಸುತ್ತಿದ್ದರೆ ಅಂತರ ಹತ್ತು ಸೆಂಟಿಮೀಟರ್ ಆಚೀಚೆ ಮಾಡಿ.

ಪ್ರದರ್ಶನಕ್ಕೆ ಡ್ರೆಸ್ಸಾಜ್‌ನ ಆರಂಭಿಕ ಪಾಠ ಸಾಕು. ಅಂಗಳದ ಸುತ್ತ ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್ ಫಲಕ ಇಡಿ. ಒಳಬರುವುದು ಎ ಕಡೆಯಿಂದ, ತೀರ್ಪುಗಾರರು ಸಿ ಹತ್ತಿರ. ಅಂಚಿನ ಬಿಳಿ ಹಲಗೆ ಕಂಡು ರೇಸ್ ಟ್ರ್ಯಾಕಿನ ಬೇಲಿ ನೆನಪಾಗಿ ಬಿಗಿಯುವ ಕುದುರೆಗಳಿವೆ, ಮನೆಯಲ್ಲೇ ಹಲಗೆ ಹಾಕಿ ರೂಢಿ ಮಾಡಿ. ಲೌಡ್‌ಸ್ಪೀಕರಿಗೆ ಬೇರೆ ತರಬೇತಿ ಬೇಕಿಲ್ಲ, ಹಾಡು ಹಾಕಿಕೊಂಡು ಹೋಗುವ ನಮ್ಮ ಟ್ರ್ಯಾಕ್ಟರುಗಳಿವೆ: ದೂರದಿಂದ ಶುರುಮಾಡಿ ದಿನಕ್ಕಿಷ್ಟು ಹತ್ತಿರ ಒಯ್ಯಿರಿ. ಮದುವೆ ಮೆರವಣಿಗೆಗೆ ಬಾಡಿಗೆ ಬಿಡುವ ಆಸೆ ಮಾತ್ರ ಬೇಡ, ಡಿಜೆ ಮತ್ತು ಪಟಾಕಿಯ ನಡುವೆ ಒಂದು ಸಂಜೆ ಆರು ತಿಂಗಳ ಕೆಲಸ ಅಳಿಸುತ್ತದೆ.

ಮೊದಲ ಪ್ರದರ್ಶನಕ್ಕೆ ಸ್ಪರ್ಧೆಗೆ ಹೆಸರು ಕೊಡದೆ ಕರೆದೊಯ್ಯಿರಿ, ಕೈಯಲ್ಲಿ ಹಿಡಿದು ಓಡಾಡಿಸಿ, ಹುಲ್ಲು ತಿನ್ನಿಸಿ, ವಾಪಸ್ ತನ್ನಿ. ಸ್ಪರ್ಧೆಯ ದಿನ ಸಾದಾ ಕಡಿವಾಣವೇ ಇರಲಿ, ಎರಡು ಗಂಟೆ ಮುಂಚೆ ಮುಟ್ಟಿ, ಬಿಸಿ ಏರಿಸುವ ಸವಾರಿ 20 ನಿಮಿಷ ಮೀರದಿರಲಿ. ಮನೆಗೆ ಬಂದ ರಾತ್ರಿ ಕಾಳು ಅರ್ಧ, ಹುಲ್ಲು ಪೂರ್ತಿ. ಮರುದಿನ ಬೆಳಿಗ್ಗೆ ಗಟ್ಟಿ ನೆಲದಲ್ಲಿ ಟ್ರಾಟ್ ಓಡಿಸಿ ನೋಡಿ. ಕಾಲಿನಲ್ಲಿ ಬಿಸಿ ಅಥವಾ ಊತ ಕಂಡರೆ 20 ನಿಮಿಷ ತಣ್ಣೀರು ಬಿಟ್ಟು, ಡಾಕ್ಟರ್ ನೋಡುವವರೆಗೆ ಜೀನು ಹಾಕಬೇಡಿ.